ಪಿಪಿಎಂ ಅನ್ನೋದು ಅರ್ಧ ವಾಕ್ಯ

(ಸಾರ್ವಜನಿಕರಿಗಾಗಿ ಕೊಟ್ಟ ಒಂದು ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಮೇಜಿನ ಮೇಲೆ ಏಳು ಗಾಜಿನ ಲೋಟಗಳಿವೆ. ಅವುಗಳ ಕೆಳಗೆ ಬಿಳಿ ಹಾಳೆ ಹಾಸಿದ್ದೇನೆ. ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ. ಮೊದಲನೇ ಲೋಟದಲ್ಲಿರುವುದು ಪೊಟ್ಯಾಸಿಯಂ ಪರ್ಮ್ಯಾಂಗನೇಟ್. ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಕರಗಿಸಿದ್ದೇನೆ. ಕಡು ನೇರಳೆ ಬಣ್ಣ, ಲೋಟದ ಹಿಂದೆ ಬೆರಳಿಟ್ಟರೆ ಬೆರಳು ಕಾಣುವುದಿಲ್ಲ.

ಇದರಿಂದ 10 ಮಿಲಿಲೀಟರ್ ತೆಗೆದು ಎರಡನೇ ಲೋಟಕ್ಕೆ ಹಾಕುತ್ತೇನೆ. ಮೇಲೆ 90 ಮಿಲಿಲೀಟರ್ ನೀರು. ಅಲ್ಲಿಗೆ ಹತ್ತು ಪಟ್ಟು ತೆಳುವಾಯಿತು. ಎರಡನೆಯದರಿಂದ 10 ತೆಗೆದು ಮೂರನೆಯದಕ್ಕೆ, ಮತ್ತೆ 90 ನೀರು. ಹೀಗೇ ಏಳನೇ ಲೋಟದ ತನಕ.

ಈಗ ನೋಡಿ. ಎರಡನೆಯದು ಚೆನ್ನಾಗಿ ನೇರಳೆ. ಮೂರನೆಯದು ಗುಲಾಬಿ. ನಾಲ್ಕನೆಯದರಲ್ಲಿ ಬಣ್ಣ ಇದೆಯಾ? ಮುಂದಿನ ಸಾಲಿನವರು ಇದೆ ಅಂತಿದ್ದಾರೆ, ಹಿಂದಿನವರು ಇಲ್ಲ ಅಂತಿದ್ದಾರೆ. ಇಬ್ಬರೂ ಸರಿ. ಪಕ್ಕದಿಂದ ನೋಡಿದರೆ ಬರೀ ನೀರು. ಮೇಲಿನಿಂದ, ಬಿಳಿ ಹಾಳೆಯ ಮೇಲೆ ನೋಡಿದರೆ ತೀರಾ ತೆಳು ಗುಲಾಬಿ ಛಾಯೆ. ಐದು, ಆರು, ಏಳರಲ್ಲಿ ಕಣ್ಣಿಗೆ ಏನೂ ಸಿಗುವುದಿಲ್ಲ.

ಆ ನಾಲ್ಕನೇ ಲೋಟವೇ 1 ಪಿಪಿಎಂ. ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ. ಈ ಬಣ್ಣದ ಮಟ್ಟಿಗೆ ನಮ್ಮ ಕಣ್ಣು ಸೋಲುವುದು ಹೆಚ್ಚುಕಮ್ಮಿ ಅಲ್ಲೇ. ಅಲ್ಲಿಂದ ಮೂರು ಲೋಟ ಮುಂದಿರುವ ಏಳನೆಯದು 1 ಪಿಪಿಬಿ, ಅಂದರೆ ನೂರು ಕೋಟಿಯಲ್ಲಿ ಒಂದು ಭಾಗ. ಇನ್ನೂ ಮೂರು ಲೋಟ ಇಟ್ಟಿದ್ದರೆ ಹತ್ತನೆಯದು 1 ಪಿಪಿಟಿ ಆಗುತ್ತಿತ್ತು, ಲಕ್ಷ ಕೋಟಿಯಲ್ಲಿ ಒಂದು.

ಏಳನೇ ಲೋಟದಲ್ಲಿ ಏನೂ ಇಲ್ಲ ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕೋಣ. ಅಲ್ಲಿರುವುದು 100 ಮಿಲಿಲೀಟರ್. 1 ಪಿಪಿಬಿ ಅಂದರೆ ಅದರಲ್ಲಿ ಒಂದು ಗ್ರಾಮಿನ ಕೋಟಿಯಲ್ಲೊಂದು ಪಾಲು ಪರ್ಮ್ಯಾಂಗನೇಟ್. ಅಷ್ಟರಲ್ಲೂ ಸುಮಾರು 3.8 ಕೋಟಿ ಕೋಟಿ ಪರ್ಮ್ಯಾಂಗನೇಟ್ ಅಯಾನುಗಳಿವೆ, ಅಂದರೆ ವಿದ್ಯುದಂಶ ಹೊತ್ತ ಕಣಗಳು. ಕೋಟಿ ಅಂತ ಎರಡು ಸಲ ಹೇಳಿದ್ದು ಬಾಯಿ ತಪ್ಪಿ ಅಲ್ಲ. ಹತ್ತನೇ ಲೋಟದಲ್ಲೂ 38 ಸಾವಿರ ಕೋಟಿ ಉಳಿದಿರುತ್ತವೆ. ಇದು ಲೆಕ್ಕದ ಮಾತು ಅಷ್ಟೇ. ಪರ್ಮ್ಯಾಂಗನೇಟ್ ಸುಮ್ನೆ ಕೂರುವ ವಸ್ತುವಲ್ಲ. ನಾನು ಸುರಿದ ನೀರಿನಲ್ಲೇ ಒಂದಿಷ್ಟು ಸಾವಯವ ಕೊಳೆ ಇದ್ದರೆ ಅದರ ಜೊತೆ ಸೇರಿ ಮುಗಿದುಹೋಗುತ್ತದೆ. ಏಳನೇ ಲೋಟದಲ್ಲಿ ನಿಜವಾಗಿ ಎಷ್ಟು ಉಳಿದಿದೆ ಅನ್ನುವುದನ್ನು ನನ್ನ ಲೆಕ್ಕಕ್ಕಿಂತ ಆ ನೀರು ಜಾಸ್ತಿ ತೀರ್ಮಾನ ಮಾಡುತ್ತದೆ. ಈ ಮಾತು ನೆನಪಿರಲಿ, ಮತ್ತೆ ಬರುತ್ತದೆ.

ಪಿಪಿಎಂ, ಪಿಪಿಬಿ, ಪಿಪಿಟಿ ಮೂರೂ ಅಕ್ಕತಂಗಿಯರ ಹೆಸರಿನ ಹಾಗೆ ಕೇಳಿಸುತ್ತವೆ. ನಡುವಿನ ಅಂತರ ಕಿವಿಗೆ ಬೀಳುವುದೇ ಇಲ್ಲ. ಸೆಕೆಂಡಿಗೆ ಒಂದರಂತೆ ಎಣಿಸುತ್ತಾ ಹೋದರೆ ಹತ್ತು ಲಕ್ಷ ಮುಗಿಯಲು ಹನ್ನೊಂದೂವರೆ ದಿನ ಸಾಕು. ನೂರು ಕೋಟಿಗೆ ಸುಮಾರು 32 ವರ್ಷ ಬೇಕು. ಲಕ್ಷ ಕೋಟಿಗೆ 31 ಸಾವಿರ ವರ್ಷಕ್ಕೂ ಜಾಸ್ತಿ. ಈಜುಕೊಳದಲ್ಲಿ ಒಂದು ಹನಿ ಎಂಬ ಹೋಲಿಕೆಯನ್ನೂ ಕೇಳಿರುತ್ತೀರಿ. ಅದನ್ನು ಹೇಳುವವರು ಸಾಮಾನ್ಯವಾಗಿ ಲೆಕ್ಕ ಹಾಕಿರುವುದಿಲ್ಲ. ಒಲಿಂಪಿಕ್ ಅಳತೆಯ ಕೊಳದಲ್ಲಿ ಸುಮಾರು 25 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಒಂದು ಹನಿ ಅಂದರೆ ಹೆಚ್ಚುಕಮ್ಮಿ 0.05 ಮಿಲಿಲೀಟರ್. ಭಾಗಿಸಿದರೆ ಬರುವುದು 20 ಪಿಪಿಟಿ. ಪಿಪಿಎಂ ಅಲ್ಲ, ಪಿಪಿಬಿಯೂ ಅಲ್ಲ. ಒಂದು ಹನಿಯಿಂದ 1 ಪಿಪಿಎಂ ಮಾಡಬೇಕಾದರೆ 50 ಲೀಟರಿನ ಒಂದು ಡ್ರಮ್ ಸಾಕು.

ಒಂದು ವಿಷಯದಲ್ಲಿ ನಾವು ಪುಣ್ಯವಂತರು. ನೂರು ಕೋಟಿ ಅಂದರೆ ಕನ್ನಡದಲ್ಲಿ ನೂರು ಕೋಟಿಯೇ. ಪಿಪಿಬಿಯ ಬಿ ಅಂದರೆ ಬಿಲಿಯನ್, ಅದು ಹಾಗಲ್ಲ. ಅಮೆರಿಕದಲ್ಲಿ ಅದು ನೂರು ಕೋಟಿ. ಬ್ರಿಟನ್ನಿನಲ್ಲಿ ಹಿಂದೆ ಲಕ್ಷ ಕೋಟಿ ಅಂತಿತ್ತು. ಅಲ್ಲಿನ ಸರ್ಕಾರ ನೂರು ಕೋಟಿಯ ಲೆಕ್ಕಕ್ಕೆ ಬದಲಾದದ್ದು 1974ರಲ್ಲಿ. ಜರ್ಮನ್ ಮತ್ತು ಫ್ರೆಂಚ್ ಭಾಷೆಗಳಲ್ಲಿ ಇವತ್ತಿಗೂ ಆ ಪದಕ್ಕೆ ಲಕ್ಷ ಕೋಟಿ ಅಂತಲೇ ಅರ್ಥ. ಪಿಪಿಟಿಯದು ಇನ್ನೂ ಕಷ್ಟ, ಅಲ್ಲಿ ಟಿ ಅಂದರೆ ಟ್ರಿಲಿಯನ್. ಸಮುದ್ರದ ಉಪ್ಪಿನ ಬಗ್ಗೆ ಬರೆಯುವವರು ಸಾವಿರದಲ್ಲಿ ಒಂದು ಭಾಗ ಅನ್ನುವುದಕ್ಕೂ ಪಿಪಿಟಿ ಅಂತಲೇ ಬರೆದದ್ದಿದೆ. ಅಕ್ಷರ ಅದೇ, ಅರ್ಥದಲ್ಲಿ ನೂರು ಕೋಟಿ ಪಟ್ಟು ವ್ಯತ್ಯಾಸ! ಅಂತರರಾಷ್ಟ್ರೀಯ ಏಕಮಾನ ಪದ್ಧತಿಯ ಕೈಪಿಡಿ ಪಿಪಿಬಿ ಮತ್ತು ಪಿಪಿಟಿ ಬೇಡ ಅನ್ನುವುದು ಇದಕ್ಕೇ.

ಆದರೆ ನನ್ನ ತಕರಾರು ಅದಕ್ಕಿಂತ ಹಳೆಯದು. ಪಿಪಿಎಂ ಅನ್ನುವುದೇ ಅರ್ಧ ವಾಕ್ಯ. ಹತ್ತು ಲಕ್ಷದಲ್ಲಿ ಒಂದು, ಸರಿ. ಒಂದು ಏನು? ತೂಕವಾ, ಗಾತ್ರವಾ, ಎಣಿಕೆಯಾ? ಇದನ್ನು ಹೇಳದೆ ಬರೀ ಅಂಕಿ ಕೊಟ್ಟರೆ, ಊರಿನ ಹೆಸರಿಲ್ಲದ ವಿಳಾಸ ಕೊಟ್ಟ ಹಾಗೆ.

ನೀರಿನಲ್ಲಿ ಈ ಪ್ರಶ್ನೆ ಏಳುವುದಿಲ್ಲ, ಯಾಕಂದರೆ ಅಲ್ಲಿ ಒಂದು ಅನುಕೂಲ ಇದೆ. ಒಂದು ಲೀಟರ್ ನೀರಿನ ತೂಕ ಸುಮಾರು ಒಂದು ಕಿಲೋ. ಒಂದು ಕಿಲೋ ಅಂದರೆ ಹತ್ತು ಲಕ್ಷ ಮಿಲಿಗ್ರಾಂ. ಹಾಗಾಗಿ ಲೀಟರಿಗೆ 1 ಮಿಲಿಗ್ರಾಂ ಅಂದರೆ 1 ಪಿಪಿಎಂ, ಲೀಟರಿಗೆ 1 ಮೈಕ್ರೋಗ್ರಾಂ ಅಂದರೆ 1 ಪಿಪಿಬಿ, ಲೀಟರಿಗೆ 1 ನ್ಯಾನೋಗ್ರಾಂ ಅಂದರೆ 1 ಪಿಪಿಟಿ. ಎಲ್ಲರೂ ಇದನ್ನೇ ಬಾಯಿಪಾಠ ಮಾಡುತ್ತಾರೆ. ನಾನೂ ಮಾಡಿದ್ದೆ. ಸಮುದ್ರದ ನೀರಿಗೆ ಬಂದರೆ ಎರಡೂವರೆ ಶೇಕಡಾ ತಪ್ಪುತ್ತದೆ, ಅದು ಲೀಟರಿಗೆ 1.025 ಕಿಲೋ ತೂಗುವುದರಿಂದ. ಗಟ್ಟಿ ಸಲ್ಫ್ಯೂರಿಕ್ ಆಮ್ಲ ಲೀಟರಿಗೆ 1.84 ಕಿಲೋ. ಅಲ್ಲಿ ಸೂತ್ರ ಪೂರ್ತಿ ಕೈಕೊಡುತ್ತದೆ.

ನಿಜವಾದ ಗುಂಡಿ ಇರುವುದು ಗಾಳಿಯಲ್ಲಿ. ಗಾಳಿಯ ವಿಷಯದಲ್ಲಿ ಪಿಪಿಎಂ ಅಂದರೆ ಸಾಮಾನ್ಯವಾಗಿ ತೂಕ ಅಲ್ಲ, ಅಣುಗಳ ಎಣಿಕೆ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ 420 ಪಿಪಿಎಂ ದಾಟಿದೆ ಅಂತ ಓದಿರುತ್ತೀರಿ. ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ಶುರು ಮಾಡಿದಾಗ ಅದು ಸುಮಾರು 315 ಇತ್ತು. ಹತ್ತು ಲಕ್ಷ ಅಣುಗಳನ್ನು ಹಿಡಿದು ಎಣಿಸಿದರೆ ಅದರಲ್ಲಿ 420 ಕಾರ್ಬನ್ ಡೈಆಕ್ಸೈಡಿನವು, ಅದೂ ನೀರಾವಿ ತೆಗೆದ ಒಣ ಗಾಳಿಯಲ್ಲಿ. ಅದೇ ಗಾಳಿಯನ್ನು ತೂಕದ ಲೆಕ್ಕದಲ್ಲಿ ಹೇಳಿದರೆ ಸುಮಾರು 640 ಪಿಪಿಎಂ ಆಗುತ್ತದೆ. ಯಾಕಂದರೆ ಕಾರ್ಬನ್ ಡೈಆಕ್ಸೈಡಿನ ಅಣುತೂಕ 44, ಗಾಳಿಯದು ಸರಾಸರಿ 29. ಗಾಳಿ ಒಂದೇ, ಅಂಕಿ ಎರಡು, ಎರಡೂ ಸತ್ಯ.

ನೀರಿನ ಸೂತ್ರವನ್ನು ಗಾಳಿಗೆ ಹಚ್ಚಿದರೆ ಎಷ್ಟು ದೂರ ಹೋಗಿ ಬೀಳುತ್ತೇವೆ ನೋಡಿ. ಕಾರ್ಬನ್ ಮಾನಾಕ್ಸೈಡ್ ತೆಗೆದುಕೊಳ್ಳಿ, ಉಸಿರುಗಟ್ಟಿಸಿ ಕೊಲ್ಲುವ ಅನಿಲ. 25 ಡಿಗ್ರಿ ಉಷ್ಣತೆಯಲ್ಲಿ, ಸಾಮಾನ್ಯ ಒತ್ತಡದಲ್ಲಿ ಒಂದು ಮೋಲ್ (ಡಜನ್ ಇದ್ದ ಹಾಗೆ ಇದೂ ಒಂದು ಎಣಿಕೆ, ಅಣುಗಳದ್ದು, ತುಂಬಾ ದೊಡ್ಡದು) ಅನಿಲ 24.45 ಲೀಟರ್ ಜಾಗ ತುಂಬುತ್ತದೆ. ಕಾರ್ಬನ್ ಮಾನಾಕ್ಸೈಡಿನ ಒಂದು ಮೋಲ್ ತೂಕ 28 ಗ್ರಾಂ. 28 ಅನ್ನು 24.45ರಿಂದ ಭಾಗಿಸಿ: 1 ಪಿಪಿಎಂ ಅಂದರೆ ಘನ ಮೀಟರಿಗೆ 1.145 ಮಿಲಿಗ್ರಾಂ. ಘನ ಮೀಟರಿಗೆ, ಲೀಟರಿಗೆ ಅಲ್ಲ. ಯಾರಾದರೂ ನೀರಿನ ಅಭ್ಯಾಸದಲ್ಲಿ ಗಾಳಿಯಲ್ಲೂ ಲೀಟರಿಗೆ 1 ಮಿಲಿಗ್ರಾಂ ಅಂದರೆ 1 ಪಿಪಿಎಂ ತಾನೇ ಅಂದುಕೊಂಡರೋ, ಅದು ನಿಜಕ್ಕೂ 870 ಪಿಪಿಎಂ. ಇಷ್ಟಿರುವ ಕೋಣೆಯಲ್ಲಿ ಕೂತರೆ ಮೊದಲು ತಲೆನೋವು, ವಾಂತಿ, ಆಮೇಲೆ ಪ್ರಜ್ಞೆ ತಪ್ಪುತ್ತದೆ. 24.45 ಅನ್ನುವುದು ಕೂಡ ಉಷ್ಣತೆ ಮತ್ತು ಒತ್ತಡದ ಜೊತೆ ಬದಲಾಗುವ ಅಂಕಿ. ಬೆಟ್ಟದ ಮೇಲೆ ಅದೇ ಪಿಪಿಎಂಗೆ ಮಿಲಿಗ್ರಾಂ ಕಡಿಮೆ.

ತೂಕ ಮತ್ತು ಎಣಿಕೆಯ ಈ ಜಗಳ ನೀರಿನಲ್ಲೂ ಇದೆ, ಅಲ್ಲಿ ಮುಚ್ಚಿಕೊಂಡಿರುತ್ತದೆ ಅಷ್ಟೇ. ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ಸೀಸ, ಇನ್ನೊಂದರಲ್ಲಿ 1 ಮಿಲಿಗ್ರಾಂ ಬೆರಿಲಿಯಂ ಇದೆ ಅನ್ನಿ. ಎರಡೂ 1 ಪಿಪಿಎಂ. ಆದರೆ ಬೆರಿಲಿಯಂ ಪರಮಾಣು ಹಗುರ, 9. ಸೀಸದ್ದು 207. ಹಾಗಾಗಿ ಬೆರಿಲಿಯಂ ಲೀಟರಿನಲ್ಲಿ 23 ಪಟ್ಟು ಜಾಸ್ತಿ ಪರಮಾಣುಗಳು. ರಾಸಾಯನಿಕ ಕ್ರಿಯೆಗೆ ತೂಕ ಗೊತ್ತಿಲ್ಲ, ತಲೆ ಎಣಿಕೆ ಮಾತ್ರ ಗೊತ್ತು. ಅದಕ್ಕೇ ಕೆಮಿಸ್ಟ್‌ಗಳು ಮೋಲ್ ಬಿಟ್ಟು ಮಾತಾಡುವುದಿಲ್ಲ. ರಕ್ತದ ಗ್ಲೂಕೋಸನ್ನು ಕೆಲವು ದೇಶಗಳಲ್ಲಿ ಡೆಸಿಲೀಟರಿಗೆ 90 ಮಿಲಿಗ್ರಾಂ ಅಂತ ಬರೆಯುತ್ತಾರೆ, ಕೆಲವು ಕಡೆ ಲೀಟರಿಗೆ 5 ಮಿಲಿಮೋಲ್ ಅಂತ. ಒಂದೇ ರಕ್ತ, 18ರಿಂದ ಭಾಗಿಸಿದರೆ ಮುಗಿಯಿತು.

ಮೋಲ್ ಬಗ್ಗೆ ಹೇಳುವಾಗ ನನಗೆ ಇಷ್ಟವಾದ ಒಂದು ಲೆಕ್ಕ ಹೇಳಿಬಿಡುತ್ತೇನೆ. ಪಿಎಚ್ ಅನ್ನುವುದು ಎಲ್ಲರಿಗೂ ಗೊತ್ತು, ದ್ರಾವಣ ಎಷ್ಟು ಆಮ್ಲೀಯ ಅಂತ ಹೇಳುವ ಅಂಕಿ. ಸೋರೆನ್‌ಸೆನ್ ಎಂಬ ಡ್ಯಾನಿಶ್ ವಿಜ್ಞಾನಿ 1909ರಲ್ಲಿ ತಂದ ಅಳತೆ ಅದು. ಪಿಎಚ್ 7 ಅಂದರೆ ಒಂದು ಲೀಟರಿನಲ್ಲಿ ಒಂದು ಮೋಲಿನ ಕೋಟಿಯಲ್ಲೊಂದು ಪಾಲು ಹೈಡ್ರೋಜನ್ ಅಯಾನು. ಹೈಡ್ರೋಜನ್ನಿನ ಒಂದು ಮೋಲ್ ಒಂದು ಗ್ರಾಂ. ಅಂದರೆ ಲೀಟರಿಗೆ 0.1 ಮೈಕ್ರೋಗ್ರಾಂ. ಅಂದರೆ 0.1 ಪಿಪಿಬಿ! ಶಾಲೆಯ ಮಕ್ಕಳು ಬಣ್ಣದ ಕಾಗದ ಅದ್ದಿ ನೋಡುವುದು ಪಿಪಿಬಿಗಿಂತ ಕಡಿಮೆ ಪ್ರಮಾಣದ ಸಂಗತಿ. ಪಿಪಿಬಿ ಅಂತ ಹೇಳದೆ ಇರುವುದರಿಂದ ಯಾರೂ ಹೆದರುವುದಿಲ್ಲ.

ಇನ್ನೊಂದು ಪ್ರಶ್ನೆ ಇದೆ: ತೂಕ ಅಂದರೆ ಯಾವುದರ ತೂಕ? ಇದಕ್ಕೆ ನಾನೇ ಬಲಿಯಾಗಿದ್ದೇನೆ. ಒಂದು ಸಲ ಒಂದೇ ಕ್ಯಾನಿನ ನೀರನ್ನು ಎರಡು ಪ್ರಯೋಗಾಲಯಗಳಿಗೆ ಕಳಿಸಿದ್ದೆ. ನೈಟ್ರೇಟ್ ಎಷ್ಟಿದೆ ನೋಡಬೇಕಿತ್ತು. ಒಬ್ಬರು ಲೀಟರಿಗೆ 44 ಮಿಲಿಗ್ರಾಂ ಅಂದರು. ಇನ್ನೊಬ್ಬರು 10 ಅಂದರು. ಎರಡನೆಯವರಿಗೆ ಫೋನ್ ಮಾಡಿ, ನಿಮ್ಮ ಯಂತ್ರ ಸರಿ ಇಲ್ಲ ಅಂತ ಗಟ್ಟಿಯಾಗಿಯೇ ಹೇಳಿದೆ. ಆ ಕಡೆಯ ಹುಡುಗಿ ತಾಳ್ಮೆಯಿಂದ ಕೇಳಿಸಿಕೊಂಡು, "ಸರ್, ನಾವು ನೈಟ್ರೋಜನ್ ಲೆಕ್ಕದಲ್ಲಿ ಕೊಟ್ಟಿದ್ದೇವೆ, ಹಾಳೆಯ ಕೆಳಗಿದೆ ನೋಡಿ" ಅಂದಳು. ನೋಡಿದೆ. ಇತ್ತು, ಸಣ್ಣ ಅಕ್ಷರದಲ್ಲಿ. ನೈಟ್ರೇಟ್ ಪೂರ್ತಿ ತೂಗಿದರೆ 62, ಅದರೊಳಗಿನ ನೈಟ್ರೋಜನ್ ಮಾತ್ರ ತೂಗಿದರೆ 14. 44 ಅನ್ನು 4.43ರಿಂದ ಭಾಗಿಸಿದರೆ ಹತ್ತಿರ ಹತ್ತಿರ 10. ಇಬ್ಬರೂ ಒಂದೇ ಉತ್ತರ ಕೊಟ್ಟಿದ್ದರು. ಕ್ಷಮೆ ಕೇಳಲು ಎರಡನೇ ಫೋನ್ ಮಾಡಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನ ನೈಟ್ರೇಟಿಗೆ 50 ಅನ್ನುತ್ತದೆ, ಅಮೆರಿಕ 10 ಅನ್ನುತ್ತದೆ. ಅಮೆರಿಕದ ನಿಯಮ ಐದು ಪಟ್ಟು ಬಿಗಿ ಅಂತ ಭಾಷಣ ಮಾಡಿದವರಿದ್ದಾರೆ. ಮೊದಲನೆಯದು ನೈಟ್ರೇಟ್ ಲೆಕ್ಕ, ಎರಡನೆಯದು ನೈಟ್ರೋಜನ್ ಲೆಕ್ಕ. ವ್ಯತ್ಯಾಸ ಅಷ್ಟೇನೂ ಇಲ್ಲ.

ನೀರಿನಲ್ಲಿ ಒಟ್ಟು ಎಷ್ಟು ಕರಗಿದೆ ಅಂತ ಹೇಳುವ, ಪೆನ್ನಿನ ಥರದ ಟಿಡಿಎಸ್ ಮೀಟರ್ ಇರುತ್ತದಲ್ಲ, ಅದೂ ಇದೇ ಜಾತಿ. ನೀರಿಗೆ ಅದ್ದಿದರೆ ಪಿಪಿಎಂ ತೋರಿಸುತ್ತದೆ. ಅದು ಅಳೆಯುವುದು ಪಿಪಿಎಂ ಅಲ್ಲ, ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದು. ಆ ಅಂಕಿಯನ್ನು ಒಳಗೇ 0.5ರಿಂದಲೋ 0.7ರಿಂದಲೋ ಗುಣಿಸಿ ಪಿಪಿಎಂ ಅಂತ ತೋರಿಸುತ್ತದೆ. ಎರಡು ಕಂಪನಿಯ ಮೀಟರ್ ಒಂದೇ ಲೋಟದಲ್ಲಿ 50 ಮತ್ತು 70 ತೋರಿಸಿದರೆ ಎರಡೂ ಕೆಟ್ಟಿಲ್ಲ. ಸಕ್ಕರೆ ಎಷ್ಟೇ ಕರಗಿಸಿ, ಅದರ ಲೆಕ್ಕಕ್ಕೆ ಬರುವುದೇ ಇಲ್ಲ.

ಈಗ ಏಳನೇ ಲೋಟಕ್ಕೆ ವಾಪಸ್ ಬರೋಣ. ಇಷ್ಟು ಕೆಳಗಿಳಿದ ಮೇಲೆ ಕಷ್ಟ ಬರೀ ಹೆಸರಿನದಲ್ಲ. ನಾನು ಕೆಲಸ ಕಲಿಯುವಾಗ, ಒಂದು ಶುಕ್ರವಾರ ಸಂಜೆ 1 ಪಿಪಿಬಿ ಸೀಸದ ದ್ರಾವಣ ಮಾಡಿ ಗಾಜಿನ ಫ್ಲಾಸ್ಕಿನಲ್ಲಿಟ್ಟು ಮನೆಗೆ ಹೋದೆ. 1000 ಪಿಪಿಎಂ ಸ್ಟ್ಯಾಂಡರ್ಡ್‌ನಿಂದ, ಅಂದರೆ ಪ್ರಮಾಣ ಖಚಿತವಾಗಿ ಗೊತ್ತಿರುವ ದ್ರಾವಣದಿಂದ ಶುರು ಮಾಡಿ, ಮೂರು ಸಲ ನೂರು ಪಟ್ಟು ತೆಳು ಮಾಡಿದ್ದು. ಸೋಮವಾರ ಅಳೆದರೆ ಅರ್ಧಕ್ಕಿಂತ ಕಡಿಮೆ. ಮುಚ್ಚಳ ಬಿಗಿಯಾಗಿತ್ತು, ಒಂದು ಹನಿಯೂ ಚೆಲ್ಲಿರಲಿಲ್ಲ. ಸೀಸ ಎಲ್ಲೂ ಹೋಗಿರಲಿಲ್ಲ, ಫ್ಲಾಸ್ಕಿನ ಒಳಗೋಡೆಗೆ ಅಂಟಿಕೊಂಡಿತ್ತು. 1000 ಪಿಪಿಎಂ ಇದ್ದಾಗಲೂ ಅಂಟುತ್ತದೆ, ಆದರೆ ಅಲ್ಲಿ ಅಷ್ಟು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಇರುವುದೇ ಅಷ್ಟು. ಅದಕ್ಕೇ ಇಂಥ ದ್ರಾವಣಕ್ಕೆ ನೈಟ್ರಿಕ್ ಆಮ್ಲ ಸೇರಿಸಿ, ಪ್ಲಾಸ್ಟಿಕ್ ಬಾಟಲಿಯಲ್ಲಿಡುತ್ತಾರೆ. ಇದನ್ನು ಪುಸ್ತಕದಲ್ಲಿ ಓದಿದ್ದೆ. ಸೋಮವಾರ ನಂಬಿದೆ.

ನನ್ನದು ಕಳೆದುಹೋದ ಸೀಸದ ಕಥೆ. ಕ್ಲೇರ್ ಪ್ಯಾಟರ್ಸನ್ ಎಂಬ ಅಮೆರಿಕದ ವಿಜ್ಞಾನಿಗೆ ಆದದ್ದು ಇದರ ತಿರುಗುಮುರುಗು. 1940ರ ದಶಕದ ಕೊನೆಯಲ್ಲಿ ಶಿಕಾಗೊದಲ್ಲಿ ಅವರು ಕಲ್ಲಿನ ಹರಳುಗಳಲ್ಲಿರುವ ಅತಿ ಸಣ್ಣ ಪ್ರಮಾಣದ ಸೀಸ ಅಳೆಯುತ್ತಿದ್ದರು, ಭೂಮಿಯ ವಯಸ್ಸು ಕಂಡುಹಿಡಿಯಲು. ಬರಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಸೀಸ ಬರುತ್ತಿತ್ತು. ಕಲ್ಲಿನದಲ್ಲ ಅದು. ನೀರಿನಲ್ಲಿ, ಆಮ್ಲದಲ್ಲಿ, ಗಾಜಿನಲ್ಲಿ, ಧೂಳಿನಲ್ಲಿ, ಅವರ ಬಟ್ಟೆಯಲ್ಲಿ ಎಲ್ಲೆಲ್ಲೂ ಸೀಸ. ಕಲ್ಲಿನೊಳಗಿನ ಅಂಕಿ ಸಿಗಬೇಕಾದರೆ ಮೊದಲು ಕೋಣೆಯ ಅಂಕಿ ಇಳಿಸಬೇಕಿತ್ತು. ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ಸಂಸ್ಥೆಗೆ ಬಂದ ಮೇಲೆ ಅವರು ಶೋಧಿಸಿದ ಗಾಳಿ ತುಂಬುವ, ದಿನವೂ ತೊಳೆಯುವ ಶುದ್ಧ ಕೋಣೆಯನ್ನೇ ಕಟ್ಟಿದರು. ವರ್ಷಗಟ್ಟಲೆ ಉಜ್ಜಿ ತೊಳೆದ ಮೇಲೆ ಉತ್ತರ ಸಿಕ್ಕಿತು: 455 ಕೋಟಿ ವರ್ಷ. 1956ರಲ್ಲಿ ಪ್ರಕಟವಾದ ಆ ಅಂಕಿ ಇವತ್ತಿಗೂ ಹೆಚ್ಚು ಅಲುಗಾಡಿಲ್ಲ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸುವುದು ಆಮೇಲಿನದು. ಕೆಲಸಕ್ಕೆ ಅಡ್ಡ ಬಂದ ಈ ಸೀಸ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋಗಿ, ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸದ ವಿರುದ್ಧ ಜೀವನವಿಡೀ ಹೋರಾಡಿದರು.

ಇಷ್ಟು ಸಣ್ಣದನ್ನು ಅಳೆದು ಏನಾಗಬೇಕು ಅಂತ ನೀವು ಕೇಳಬಹುದು. ಸಿಲಿಕಾನ್ ನೋಡಿ. ಅತಿ ಶುದ್ಧ ಸಿಲಿಕಾನ್ ಹೆಚ್ಚುಕಮ್ಮಿ ವಿದ್ಯುತ್ ನಿರೋಧಕ. ಅದಕ್ಕೆ ನೂರು ಕೋಟಿ ಪರಮಾಣುವಿಗೆ ಬರೀ 20ರಂತೆ ರಂಜಕ ಸೇರಿಸಿ. ವಿದ್ಯುತ್ ಹರಿಯುವ ಶಕ್ತಿ ಸುಮಾರು 50 ಸಾವಿರ ಪಟ್ಟು ಏರುತ್ತದೆ. ನಿಮ್ಮ ಜೇಬಿನ ಫೋನ್ ಪಿಪಿಬಿಯ ಮೇಲೆ ನಡೆಯುತ್ತಿದೆ. ದೇಹವೂ ಹಾಗೇ. ರಕ್ತದಲ್ಲಿನ ಎಸ್ಟ್ರಾಡಯೋಲ್ ಹಾರ್ಮೋನನ್ನು ಮಿಲಿಲೀಟರಿಗೆ ಇಷ್ಟು ಪಿಕೋಗ್ರಾಂ ಅಂತ ಹೇಳುತ್ತಾರೆ, ಅದು ಹತ್ತಿರ ಹತ್ತಿರ ಪಿಪಿಟಿ. ಮೊದಲ ಮಳೆ ಬಿದ್ದಾಗ ಬರುವ ಮಣ್ಣಿನ ವಾಸನೆಯಲ್ಲಿ ಜಿಯೋಸ್ಮಿನ್ ಎಂಬ ವಸ್ತು ಇದೆ. ಮಣ್ಣಿನ ಬ್ಯಾಕ್ಟೀರಿಯಾ ಮಾಡುವುದು. ನೀರಿನಲ್ಲಿ ಅದು ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ನಮ್ಮ ಮೂಗು ಹಿಡಿಯುತ್ತದೆ. ನಾಲ್ಕನೇ ಲೋಟಕ್ಕೇ ಸೋತ ಕಣ್ಣಿನ ಪಕ್ಕದಲ್ಲೇ ಕೂತಿರುವ ಮೂಗು, ಈ ಒಂದು ವಸ್ತುವಿನ ಮಟ್ಟಿಗೆ, ಒಂಬತ್ತನೇ ಲೋಟ ದಾಟಿ ಹೋಗುತ್ತದೆ. ಹಾಗಂತ ಪಿಪಿಬಿ ಅಂದ ಕೂಡಲೇ ಬೆಚ್ಚಬೇಕು ಅಂತಲ್ಲ. ಸೀಸ, ಆರ್ಸೆನಿಕ್ ಎರಡಕ್ಕೂ ವಿಶ್ವ ಆರೋಗ್ಯ ಸಂಸ್ಥೆಯ ಗಡಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ 10 ಪಿಪಿಬಿ. ಫ್ಲೋರೈಡಿಗೆ ಲೀಟರಿಗೆ 1.5 ಮಿಲಿಗ್ರಾಂ, ಅಂದರೆ 1500 ಪಿಪಿಬಿ. ವಸ್ತು ಯಾವುದು ಅಂತ ಹೇಳದೆ ಅಂಕಿಯಿಂದ ಹೆದರಿಸುವುದು ಸುಲಭ, ಸಮಾಧಾನ ಮಾಡುವುದೂ ಸುಲಭ.

ಕೊನೆಗೆ ಪ್ರಶ್ನೆಗಳಿಗೆ ಸಮಯ ಕೊಟ್ಟಾಗ ಒಬ್ಬ ಹಿರಿಯರು ಎದ್ದು ಕೇಳಿದರು: "ನಮ್ಮ ನೀರಿನ ರಿಪೋರ್ಟಿನಲ್ಲಿ ಸೀಸದ ಮುಂದೆ ಪತ್ತೆಯಾಗಿಲ್ಲ ಅಂತ ಬರೆದಿದ್ದಾರೆ. ಅಂದರೆ ಸೊನ್ನೆ ತಾನೇ?"

ಸೊನ್ನೆ ಅಲ್ಲ ಅಂದೆ. ಅವರ ಯಂತ್ರಕ್ಕೆ ಕಾಣಿಸಲಿಲ್ಲ ಅಂತ ಅರ್ಥ. ನಾಲ್ಕನೇ ಲೋಟಕ್ಕೆ ಹಿಂದಿನ ಸಾಲಿನವರು ಬಣ್ಣ ಇಲ್ಲ ಅಂದರಲ್ಲ, ಅದೇ ಥರ. ಅಮೆರಿಕದಲ್ಲಿ 1958ರಲ್ಲಿ ಡಿಲೇನಿ ಕಲಮು ಅಂತ ಒಂದು ನಿಯಮ ಬಂತು. ಕ್ಯಾನ್ಸರ್ ತರುವ ವಸ್ತುವನ್ನು ಆಹಾರಕ್ಕೆ ಸೇರಿಸುವುದಕ್ಕೆ ಒಪ್ಪಿಗೆಯೇ ಇಲ್ಲ ಅಂತ. ಆಗಿನ ಯಂತ್ರಗಳಿಗೆ ಕಾಣದಿದ್ದದ್ದು ಮುಂದೆ ಪಿಪಿಬಿ, ಪಿಪಿಟಿ ನೋಡುವ ಯಂತ್ರ ಬಂದಾಗ ಕಾಣತೊಡಗಿತು. ಆಹಾರ ಬದಲಾಗಿರಲಿಲ್ಲ, ಸೊನ್ನೆ ಬದಲಾಗಿತ್ತು. ಒಂದು ಲೀಟರ್ ನೀರಿನಲ್ಲಿ 1 ಪಿಪಿಟಿ ಸೀಸ ಇದ್ದರೂ ಸುಮಾರು 3 ಲಕ್ಷ ಕೋಟಿ ಸೀಸದ ಪರಮಾಣುಗಳಿರುತ್ತವೆ.

ಅವರ ಮುಖ ಸ್ವಲ್ಪ ಬಾಡಿತು. "ಹಾಗಾದರೆ ನಾನೀಗ ಏನು ಮಾಡಲಿ?" ಅಂದರು.

ಹೆದರುವುದು ಬೇಡ, ಆ ಪ್ರಯೋಗಾಲಯಕ್ಕೆ ಒಂದು ಫೋನ್ ಮಾಡಿ, ಎಷ್ಟರ ತನಕ ನೋಡಿದಿರಿ ಅಂತ ಕೇಳಿ ಅಂದೆ. 1 ಪಿಪಿಬಿ ತನಕ ಅಂದರೆ 10ರ ಗಡಿಗಿಂತ ಎಷ್ಟೋ ಕೆಳಗೆ, ನಿಶ್ಚಿಂತೆಯಿಂದ ಇರಿ. 50 ಪಿಪಿಬಿ ತನಕ ಅಂದರೆ, ಬೇರೆ ಕಡೆ ಮಾಡಿಸಿ.